ಪಾಸಿದ್ದರೂ ಆಸನವಿಲ್ಲ!

1959ರಲ್ಲಿ ಆರಂಭವಾದ ಯೂರೇಲ್ ಪಾಸು ಪರಖಂಡದ ಪ್ರವಾಸಿಗರಿಗೆ ಇಂದು ಯುರೋಪಿನ 33 ದೇಶಗಳ ರೈಲುಗಳಲ್ಲಿ ಸಂಚರಿಸುವ ಹಕ್ಕನ್ನು ನೀಡುತ್ತದೆ. ಸಂಚರಿಸುವ ಹಕ್ಕನ್ನಷ್ಟೆ, ಕುಳಿತುಕೊಳ್ಳುವ ಸ್ಥಳವನ್ನಲ್ಲ. ಕಾಯ್ದಿರಿಸಿದ ಟಿಕೆಟ್ಟಿನಲ್ಲಿಯೇ ಬೋಗಿ, ಬರ್ತುಗಳ ಸಂಖ್ಯೆಯನ್ನು ಕಂಡು ರೂಢಿಯಾದ ನಮಗೆ ಈ ಭೇದ ಬೇಗನೆ ಮನಸ್ಸಿಗೆ ಹತ್ತುವುದಿಲ್ಲ.

ಫ್ರಾನ್ಸಿನ ಟಿಜಿವಿ, ಸ್ಪೇನಿನ ಆವೆ, ಇಟಲಿಯ ಫ್ರೆಚ್ಚಾರೊಸ್ಸಾ, ಲಂಡನ್ನಿಗೆ ಹೋಗುವ ಯೂರೋಸ್ಟಾರ್ ಗಾಡಿಗಳಲ್ಲಿ ಪ್ರತ್ಯೇಕ ಶುಲ್ಕ ತೆತ್ತು ಆಸನ ಕಾಯ್ದಿರಿಸಲೇಬೇಕು. ಯೂರೋಸ್ಟಾರ್‌ನಲ್ಲಂತೂ ಪಾಸುದಾರರಿಗೆ ಮೀಸಲಾದ ಆಸನಗಳು ಮಿತ. ಅವು ತೀರಿದರೆ, ಗಾಡಿಯಲ್ಲಿ ಜಾಗ ಖಾಲಿಯಿದ್ದರೂ, ಜೇಬಿನಲ್ಲಿ ದುಬಾರಿ ಪಾಸನ್ನಿಟ್ಟುಕೊಂಡೇ ಬೇರೆ ಟಿಕೆಟ್ ಕೊಳ್ಳಬೇಕಾದೀತು. ಬೇಸಗೆಯಲ್ಲಿ ವೃದ್ಧ ತಂದೆತಾಯಿಗಳನ್ನೂ ಮಕ್ಕಳನ್ನೂ ಕರೆದೊಯ್ಯುವವರು ಊರು ಬಿಡುವ ಮೊದಲೇ ಈ ಕಾರ್ಯ ಮುಗಿಸುವುದು ಲೇಸು. ಹಿರಿಯರೊಬ್ಬರ ಜೊತೆ ಹನ್ನೆರಡು ತುಂಬದ ಇಬ್ಬರು ಮಕ್ಕಳಿಗೆ ಪಾಸು ಉಚಿತವೇನೋ ಹೌದು. ಆದರೆ ನಾಲ್ಕು ದಾಟಿದ ಮಗುವಿನ ಆಸನಕ್ಕೆ ಹಣ ತೆರಲೇಬೇಕು.

ಜರ್ಮನಿ, ಆಸ್ಟ್ರಿಯಾಗಳ ಹೆಚ್ಚಿನ ಗಾಡಿಗಳಲ್ಲಿ ಈ ಕಟ್ಟಳೆಯಿಲ್ಲ. ಸ್ವಿಟ್ಜರ್ಲೆಂಡ್ ಇನ್ನೂ ಉದಾರ. ಅಲ್ಲಿನ ಪ್ರಸಿದ್ಧ ಬರ್ನಿನಾ ಎಕ್ಸ್‌ಪ್ರೆಸ್‌ಗೆ ಕಾಯ್ದಿರಿಸುವಿಕೆ ಕಡ್ಡಾಯ. ಆದರೆ ಅದೇ ಹಳಿಯ ಮೇಲೆ ಸೇಂಟ್ ಮೋರಿಟ್ಜ್‌ನಿಂದ ಇಟಲಿಯ ತಿರಾನೊವರೆಗೆ ಸಾಮಾನ್ಯ ಕೆಂಪು ಗಾಡಿಯೂ ಓಡುತ್ತದೆ. ಅದಕ್ಕೆ ಪಾಸೊಂದೇ ಸಾಕು. ನಮ್ಮ ಮತ ಆ ಗಾಡಿಗೇ. 2253 ಮೀಟರ್ ಎತ್ತರದ ಕಣಿವೆಮಾರ್ಗವನ್ನು ದಾಟಿ, ಬ್ರೂಸಿಯೊದ ಸುರುಳಿ ಸೇತುವೆಯನ್ನು ಸುತ್ತಿ ಇಳಿಯುವಾಗ, ಕಿಟಕಿ ತೆರೆಯಬಲ್ಲ ಬೋಗಿ ದೊರೆತರೆ ಆಲ್ಪ್ಸ್‌ನ ತಣ್ಣನೆಯ ಗಾಳಿಗೆ ಮುಖವೊಡ್ಡಬಹುದು. ವಿಶೇಷ ಗಾಡಿಯ ಭದ್ರ ಗಾಜಿನೊಳಗೆ ಕುಳಿತವರಿಗೆ ಆ ಭಾಗ್ಯವಿಲ್ಲ.