ಹುಳದ ಮನೆ, ಭಾಗ 4: ಅಜ್ಜಿಯ ಕೈಗುಣ

ಆ ಮಿಲ್ಕ್‌ಸ್ನೇಕ್ ರೀಲ್ ನೀವೂ ನೋಡಿರ್ತೀರ. ತಂದೆ ತಾಯಿ ಎರಡಕ್ಕೂ ಕೆಂಪು ಕಪ್ಪು ಪಟ್ಟೆ, ಮರಿ ಮಾತ್ರ ಅಲ್ಬಿನೋ. ಕಾಮೆಂಟಲ್ಲೆಲ್ಲ 'ಮ್ಯಾಜಿಕ್' ಅಂತಿದ್ರು. ಮ್ಯಾಜಿಕ್ ಏನಿಲ್ಲ, ಎರಡರಲ್ಲೂ ಆ ಜೀನ್ ಒಂದೊಂದು ಅಡಗಿ ಕೂತಿತ್ತು. ಸಾಕೋರು ಇಂಥ ಹಾವನ್ನ 'ಹೆಟ್' ಅಂತಾರೆ. ಎರಡು ಹೆಟ್ ಕೂಡಿದ್ರೆ, ಮರಿ ಅಲ್ಬಿನೋ ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು.

ಇದೇ ಆಟ ಟಿ. ನರಸೀಪುರದ ಕಡೆ, ನಮ್ಮಜ್ಜಿಯ ಹುಳದ ಮನೇಲೂ ನಡೆದಿತ್ತು. ಹಾವಲ್ಲ, ರೇಷ್ಮೆ ಹುಳ.

ಅಲ್ಲಿ ಮೇಯಿಸ್ತಿದ್ದದ್ದು ಸಿಬಿ, ಅಂದ್ರೆ ಮಿಶ್ರತಳಿ. ತಾಯಿ ಮೈಸೂರು ತಳಿ: ಚಿಕ್ಕ ಗೂಡು, ಹಸಿರು ಬೆರೆತ ಹಳದಿ, ಬಿಸಿಲಿಗೆ ಜಗ್ಗಲ್ಲ. ತಂದೆ ಸಿಎಸ್‌ಆರ್2: ದೊಡ್ಡ ಬಿಳಿ ಗೂಡು, ನೂಲು ಜಾಸ್ತಿ, ಆದ್ರೆ ನಾಜೂಕು. ಅದನ್ನ ಬೆಳೆಸಿದ್ದು ನಮ್ಮ ಮೈಸೂರಲ್ಲೇ, ಮಾನಂದವಾಡಿ ರಸ್ತೆಯ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ. ಇವೆರಡರ ಮಕ್ಕಳ ಗೂಡೆಲ್ಲ ಒಂದೇ ಥರ ಹಳದಿ. ಬಿಳಿ ಎಲ್ಲೂ ಹೋಗಿರಲ್ಲ, ಒಳಗೇ ಇರುತ್ತೆ.

ಒಂದು ಸಲ ಮೊಟ್ಟೆ ದುಡ್ಡು ಉಳಿಸೋಣ ಅಂತ ಅಜ್ಜಿ ನಮ್ಮದೇ ಸಿಬಿ ಗೂಡಲ್ಲಿ ಚೆನ್ನಾಗಿರೋದನ್ನ ಆರಿಸಿ ಚಿಟ್ಟೆ ಬರೋಕೆ ಬಿಟ್ರು. ಸುಮಾರು ಮೊಟ್ಟೆ ಒಡೀಲೇ ಇಲ್ಲ. ಒಡೆದ ಹುಳಗಳು ಒಟ್ಟಿಗೆ ಹಣ್ಣಾಗ್ಲಿಲ್ಲ. ಚಂದ್ರಿಕೆ ತುಂಬ ಹಳದಿ, ಅರೆಹಳದಿ, ಅಲ್ಲಲ್ಲಿ ಹಾಲಿನಂಥ ಬಿಳಿ. ಒಂದು ದಪ್ಪ, ಒಂದು ಸಣ್ಣ. ಮಾರ್ಕೆಟ್‌ನಲ್ಲಿ ರೀಲರ್‌ಗಳು ಮೂಸಿಯೂ ನೋಡ್ಲಿಲ್ಲ, ಸಿಕ್ಕಿದ್ದು ಅರ್ಧ ರೇಟು. ತಾತ ಊರೆಲ್ಲ ಹೇಳಿದ್ರು, 'ಅವಳ ಕೈಗುಣ ಸರಿಯಿಲ್ಲ'. ಆಮೇಲೆ ಚಾಕಿ ಹುಳ ಮನೆಗೆ ಬಂದ ದಿನ ಅಜ್ಜಿ ಒಳಗೇ ಕಾಲಿಡ್ತಿರ್ಲಿಲ್ಲ. ವರ್ಷಗಟ್ಟಲೆ.

ನನಗೆ ಗೊತ್ತಾಗಿದ್ದು ಜೆನೆಟಿಕ್ಸ್ ಕ್ಲಾಸಲ್ಲಿ. ಮೆಂಡೆಲ್ ಬಟಾಣಿ ನಾವೆಲ್ಲ ಬಾಯಿಪಾಠ ಮಾಡಿದ್ವಿ ಅಲ್ವಾ? ಅದೇ ಲೆಕ್ಕ ಹುಳದಲ್ಲೂ ಬರುತ್ತೆ ಅಂತ ಜಪಾನಿನ ತೊಯಾಮಾ 1906ರಲ್ಲೇ ತೋರಿಸಿದ್ರು. ಹಳದಿ ಗೂಡಿನ ಸಯಾಂ ತಳಿ, ಬಿಳಿ ಗೂಡಿನ ಜಪಾನ್ ತಳಿ ಕೂಡಿಸಿದ್ರು. ಮಕ್ಕಳು ಹಳದಿ, ಮೊಮ್ಮಕ್ಕಳಲ್ಲಿ ಮೂರಕ್ಕೆ ಒಂದು ಬಿಳಿ. (ನಮ್ಮ ಗೂಡಿನ ಬಣ್ಣಕ್ಕೆ ಒಂದೇ ಜೀನ್ ಅಲ್ಲ, ಅದಕ್ಕೇ ಆ ಅರೆಹಳದಿಗಳು.) ಬಣ್ಣ ಒಂದೇ ಅಲ್ಲ, ಗಟ್ಟಿತನ, ನೂಲು ಎಲ್ಲ ಹಂಗೇ ಚೆಲ್ಲಾಪಿಲ್ಲಿ. ಸಿಬಿಗೆ ಪ್ರತಿ ಸಲ ಹೊಸ ಮೊಟ್ಟೆ ತರೋದು ಅದಕ್ಕೇ.

ದಸರಾ ರಜೆಗೆ ಹೋದಾಗ ಮೊರದಲ್ಲಿ ತೋರಿಸಿದೆ. ತೊಗರಿಬೇಳೆ ಹಳದಿ, ಉದ್ದಿನಬೇಳೆ ಬಿಳಿ. ತಂದೆಯಿಂದ ಒಂದು, ತಾಯಿಯಿಂದ ಒಂದು, ನಾಲ್ಕು ಮನೆ. ಎರಡೂ ಉದ್ದು ಬಿದ್ದಿದ್ದು ಒಂದೇ ಮನೇಲಿ. ಅಜ್ಜಿ ಸುಮಾರು ಹೊತ್ತು ನೋಡಿದ್ರು.

'ಹಂಗಾದ್ರೆ ಯಾರು ಮಾಡಿದ್ರೂ ಬಿಳೀದು ಬರ್ತಿತ್ತು?'

'ಯಾರು ಮಾಡಿದ್ರೂ ಅಜ್ಜಿ.'

'ನಿಮ್ಮ ತಾತ ಇದ್ದಾಗ ಓದ್ಬಾರ್ದಿತ್ತೇನೋ ಇದನ್ನ' ಅಂತ ಬೈದು, ಬೇಳೆ ಬೇರೆ ಬೇರೆ ಮಾಡೋಕೆ ಕೂತ್ರು.

ಭಾಗ 5ರಲ್ಲಿ, ಹೆಣ್ಣು ಹುಳಕ್ಕೆ ಮಾತ್ರ ಮೈಮೇಲೆ ಮಚ್ಚೆ ಬರೋ ತಳಿ. ತಾಯಿಯಿಂದ ಮಗಳಿಗಷ್ಟೇ ಹೋಗೋ ಕ್ರೋಮೋಸೋಮಿಗೆ ಮಚ್ಚೆ ಜೀನ್ ಅಂಟಿಸಿದ್ದಾರೆ. ನಿಮ್ಮನೇಲಿ ಹುಳ ಮೇಯಿಸಿದ್ರೆ ಫೋಟೋ ಕಳಿಸಿ.