ಮೊಮ್ಮಗನ ಪಥ್ಯ

ಮೂವತ್ತು ವರ್ಷ ಸಂಸ್ಕೃತ ಪಾಠ ಹೇಳಿದ ನಮಗೆ ಪಥ್ಯದ ವಿಷಯವೂ ತಿಳಿದಿದೆಯೆಂಬ ಅಭಿಮಾನವಿದ್ದಿತು. ಅದು ಇಳಿದ ಬಗೆಯನ್ನು ವಾಚಕರೆದುರು ಹೇಳಿಕೊಳ್ಳಲು ಸಂಕೋಚವಾದರೂ, ಇಂಥ ಸಂದರ್ಭ ಮತ್ತೊಂದು ಮನೆಗೂ ಬಂದೀತೆಂದು ಬರೆಯುತ್ತಿದ್ದೇವೆ.

ನಮ್ಮ ಮೊಮ್ಮಗನ ಹೃದಯದ ಕೆಳಕೋಣೆಗಳ ನಡುಗೋಡೆಯಲ್ಲಿ ಹುಟ್ಟಿನಿಂದಲೇ ಒಂದು ರಂಧ್ರವಿದ್ದಿತು. ನಾಲ್ಕು ಗುಟುಕು ಹಾಲು ಕುಡಿಯುವಷ್ಟರಲ್ಲಿ ಹಣೆ ಬೆವರಿ, ಏದುಸಿರು ಬಂದು, ಮೊಲೆ ಬಿಟ್ಟುಬಿಡುತ್ತಿದ್ದನು. ಏಳು ತಿಂಗಳಿಗೆ ತೂಕ 5 ಕಿಲೋ ಮಾತ್ರ. 2024ರ ಶ್ರಾವಣದಲ್ಲಿ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸೆಯಾಗಿ ರಂಧ್ರ ಮುಚ್ಚಿತು. ಮಗುವು ಜಯನಗರದ ನಮ್ಮ ಮನೆಗೆ ಬಂದಿತು. ಎದೆಯ ಮೂಳೆ ಕೂಡುವ ಆರೆಂಟು ವಾರ ಕಂಕುಳಲ್ಲಿ ಕೈಯಿಟ್ಟು ಎತ್ತಬಾರದು, ಬೆನ್ನಿನಡಿ ಕೈಕೊಟ್ಟೇ ಎತ್ತಬೇಕು. ಇದನ್ನು ಮಾತ್ರ ಎಲ್ಲರೂ ಚಾಚೂ ತಪ್ಪದೆ ಪಾಲಿಸಿದೆವು.

ಊಟದ ವಿಷಯಕ್ಕೆ ನಾವು ಅಡ್ಡಬಂದೆವು. ನಮಗೆ ರಕ್ತದಲ್ಲಿ ಕೊಬ್ಬು ಹೆಚ್ಚೆಂದು ವೈದ್ಯರು ತುಪ್ಪ ಬಿಡಿಸಿ ನಾಲ್ಕು ವರ್ಷವಾಗಿದ್ದಿತು. ಹೃದಯಕ್ಕೆ ತುಪ್ಪ ವರ್ಜ್ಯ, ಶಸ್ತ್ರ ತಗುಲಿದ ದೇಹಕ್ಕೆ ಲಘ್ವಾಹಾರವೇ ಯುಕ್ತ ಎಂದು ಎರಡು ಸೂತ್ರಗಳನ್ನು ನಾವೇ ರಚಿಸಿ, ರಾಗಿಯ ತಿಳಿಗಂಜಿಯನ್ನಷ್ಟೇ ಕೊಡಬೇಕೆಂದು ಅಪ್ಪಣೆ ಮಾಡಿದೆವು. ಸೊಸೆಯು ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯನ್ನು ಒಮ್ಮೆ ತೋರಿಸಿದಳು. “ನಮಗೆ ತಿಳಿಯದೇನಮ್ಮ?” ಎಂದೆವು. ಮತ್ತೆ ಆಕೆ ಮಾತೆತ್ತಲಿಲ್ಲ.

ಎರಡು ವಾರದ ಮೇಲೆ ತೂಗಿದಾಗ ಮಗು 100 ಗ್ರಾಂ ಇಳಿದಿದ್ದಿತು. ಏನೇನು ಕೊಟ್ಟಿರೆಂದು ಆಹಾರತಜ್ಞೆ ಕೇಳಿದರೆ, ಸೊಸೆ ತಲೆತಗ್ಗಿಸಿ, “ಇವನು ಸರಿಯಾಗಿ ತಿನ್ನುವುದಿಲ್ಲ ಮೇಡಂ” ಎಂದಳು. ಮಾವನ ಮಾನ ಕಾಯಲು ಆ ಹುಡುಗಿ ತಪ್ಪನ್ನು ಹಸುಗೂಸಿನ ಮೇಲೆ ಹೊರಿಸಿದ್ದಳು. ನಾವೇ ಎದ್ದುನಿಂತು ನಡೆದುದನ್ನು ಹೇಳಿದೆವು.

ತಜ್ಞೆ ಗದರಲಿಲ್ಲ, ಲೆಕ್ಕ ಹೇಳಿದರು. ರಂಧ್ರವಿದ್ದಷ್ಟು ದಿನವೂ ಹೃದಯ ಮತ್ತು ಉಸಿರಾಟದ ಅಧಿಕ ದುಡಿಮೆಗೇ ಆಹಾರದ ಬಹುಭಾಗ ವ್ಯಯವಾಗಿದೆ. ಗೋಡೆ ಮುಚ್ಚಿದರೂ ಹಳೆಯ ಸಾಲ ತೀರಬೇಕು. ಅಂಥ ಶಿಶುವಿಗೆ ತೂಕದ ಪ್ರತಿ ಕಿಲೋಗೆ ದಿನಕ್ಕೆ 120ರಿಂದ 150 ಕ್ಯಾಲೊರಿ, ಅರ್ಥಾತ್ ನಮ್ಮವನಿಗೆ 600ರಿಂದ 750 ಬೇಕು. ಆದರೆ ಹೊಟ್ಟೆ ಚಿಕ್ಕದು, ನೀರಿಗೂ ಮಿತಿಯಿದೆ. ಆದ್ದರಿಂದ ತುತ್ತು ಸಣ್ಣದಾಗಿದ್ದು ಸಾರ ಹೆಚ್ಚಿರಬೇಕು. ಒಂದು ಚಿಕ್ಕ ಚಮಚ ತುಪ್ಪದಲ್ಲಿ ಸುಮಾರು 45 ಕ್ಯಾಲೊರಿ. ನಮ್ಮ ತಿಳಿಗಂಜಿಯಲ್ಲಿ ಮುಖ್ಯವಾಗಿ ನೀರು! ಮುದುಕರ ಹೃದಯದ ಪಥ್ಯ ಬೇರೆ, ಬೆಳೆಯುವ ಕೂಸಿನದೇ ಬೇರೆ. ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ಮಕ್ಕಳಿಗೆ ಎದೆಯಲ್ಲಿ ಕೊಬ್ಬಿನ ರಸ ಸೋರುವುದುಂಟು. ಅವರಿಗೆ ಮಾತ್ರ ತುಪ್ಪ ಕೂಡದಂತೆ. ಅದನ್ನು ವೈದ್ಯರೇ ಹೇಳಬೇಕು.

ಆಶ್ಚರ್ಯವೆಂದರೆ, ಚೀಟಿಯಲ್ಲಿದ್ದುದು ನಮ್ಮ ತಾಯಿ ಮಾಡುತ್ತಿದ್ದ ರಾಗಿ ಸರಿಯೇ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿ, ವಸ್ತ್ರಗಾಳಿಸುವುದು. ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟು ಹೆಚ್ಚು ಹಾಕಿದರೂ ಸರಿಯು ಗಟ್ಟಿಯಾಗದೆ ಗಂಟಲಲ್ಲಿಳಿಯುತ್ತದೆ. ಹೆಚ್ಚು ಹುರಿದರೆ ಈ ಗುಣ ಕೆಡುತ್ತದೆ. ಅದಕ್ಕೆ ಹೆಸರುಬೇಳೆಯ ಪುಡಿ, ತುಪ್ಪ, ಉಪ್ಪಿಲ್ಲ. ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ, ನಡುವೆ ತಾಯಿಯ ಹಾಲು.

ದೀಪಾವಳಿಯ ಹೊತ್ತಿಗೆ ತೂಕ 6 ಕಿಲೋ 400 ಗ್ರಾಂ ಆಯಿತು. ತುಪ್ಪದ ಭರಣಿ ಈಗ ಸೊಸೆಯ ಸ್ವಾಧೀನದಲ್ಲಿದೆ. ನಮ್ಮ ತಟ್ಟೆಗೆ ಮಾತ್ರ ಆಕೆ ಒಂದು ತೊಟ್ಟೂ ಬಡಿಸುವುದಿಲ್ಲ; ಕೇಳಿದರೆ ನಮ್ಮ ವೈದ್ಯರ ಚೀಟಿಯನ್ನು ತೋರಿಸುತ್ತಾಳೆ.