ಹಿತ್ತಲಿಗೆ ಬಂದ ಶರದೃತು

ನಮ್ಮ ಪಂಚಾಂಗದ ಲೆಕ್ಕದಲ್ಲಿ ಆಶ್ವಯುಜ ಮತ್ತು ಕಾರ್ತಿಕ ಮಾಸಗಳೆರಡೂ ಸೇರಿ ಶರದೃತುವೆನಿಸುತ್ತವೆ. ಶಾಲೆಯ ಪುಸ್ತಕಗಳಲ್ಲಿ ಇಂಗ್ಲಿಷಿನ ‘ಆಟಮ್’ ಎಂಬ ಪದಕ್ಕೆ ಶರತ್ಕಾಲವೆಂದು ಅರ್ಥ ಬರೆಯುವ ರೂಢಿಯಿದೆ. ಇದರಿಂದ ಮಕ್ಕಳ ಮನಸ್ಸಿನಲ್ಲಿ ಒಂದು ತಪ್ಪು ಚಿತ್ರ ಮೂಡುತ್ತದೆ. ಶೀತದೇಶಗಳಲ್ಲಿ ಈ ಹೊತ್ತಿಗೆ ಮರದ ಎಲೆಗಳು ಹಳದಿಯಾಗಿ, ಕೆಂಪಾಗಿ ಉದುರುತ್ತವೆ, ಹಗಲು ಕುಗ್ಗುತ್ತದೆ, ಜನರು ಮನೆಯ ಬಾಗಿಲು ಮುಚ್ಚಿಕೊಳ್ಳುತ್ತಾರೆ. ನಮ್ಮಲ್ಲಿ ಎಲೆ ಉದುರುವುದು ಮಾಘ, ಫಾಲ್ಗುಣಗಳ ಶಿಶಿರದಲ್ಲಿ. ನಮ್ಮ ಶರತ್ತು ತಿಳಿಯಾಗುವ ಕಾಲ. ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ, ಮೋಡ ಕರಗಿ ಬಾನು ತಿಳಿಯಾಗುತ್ತದೆ, ಮಳೆಗಾಲದುದ್ದಕ್ಕೂ ಮುಚ್ಚಿದ್ದ ಮನೆಯ ಕಿಟಕಿಗಳು ತೆರೆದುಕೊಳ್ಳುತ್ತವೆ. ಕಾಳಿದಾಸನು ತನ್ನ ಋತುಸಂಹಾರದ ಮೂರನೆಯ ಸರ್ಗವನ್ನು ಈ ಋತುವಿಗೆ ಮೀಸಲಿಟ್ಟಿದ್ದಾನೆ. ಆದರೆ ಶರದೃತುವನ್ನು ಕಾಣಲು ಕಾವ್ಯದವರೆಗೂ ಹೋಗಬೇಕಾಗಿಲ್ಲ. ಮನೆಯ ಹಿಂಬಾಗಿಲು ತೆರೆದರೆ ಸಾಕು.

ನಾನು ಹೇಳುತ್ತಿರುವುದು ಧಾರವಾಡದ ಹಿತ್ತಲಿನ ಮಾತು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವ ಈ ಊರು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹೊಸ್ತಿಲು. ಪಶ್ಚಿಮಕ್ಕೆ ನಡೆದರೆ ಕೆಂಪು ಮಣ್ಣು, ಭತ್ತದ ಗದ್ದೆ, ಕಾಡಿನ ಅಂಚು. ಪೂರ್ವಕ್ಕೆ ಹೊರಳಿದರೆ ಎರೆಭೂಮಿ, ಜೋಳ, ಹತ್ತಿ. ಹೊಸ್ತಿಲ ಮೇಲೆ ನಿಂತವನಿಗೆ ಒಳಗೂ ಹೊರಗೂ ಕಾಣುವಂತೆ, ಇಲ್ಲಿಯ ಹಿತ್ತಲಿಗೆ ಎರಡೂ ಸೀಮೆಗಳ ಹಕ್ಕಿಪಕ್ಕಿಗಳು ಬಂದು ಹೋಗುತ್ತವೆ. ವರಕವಿ ಬೇಂದ್ರೆಯವರು ನೆಲೆಸಿದ್ದ ಸಾಧನಕೇರಿಯಾಗಲಿ, ಕೆಲಗೇರಿಯ ಕೆರೆಯ ದಂಡೆಯಾಗಲಿ ಈ ದಿನಗಳಲ್ಲಿ ನೋಡತಕ್ಕವುಗಳೇ. ಆದರೂ ವಯಸ್ಸಾದವರಿಗೆ ದಿನವೂ ಅಷ್ಟು ದೂರ ನಡೆಯಲಾಗದು. ಅಂಥವರಿಗೆ ಹಿತ್ತಲೇ ಯಾತ್ರಾಸ್ಥಳ.

ಯಾತ್ರೆಯನ್ನು ಬೆಳಗಿನ ಜಾವಕ್ಕೇ ಆರಂಭಿಸಬೇಕು. ಅಕ್ಟೋಬರ್ ಮಧ್ಯದಲ್ಲಿ, ನಸುಕಿನ ಐದು ಗಂಟೆಯ ಸುಮಾರಿಗೆ ದಕ್ಷಿಣ ದಿಕ್ಕಿಗೆ ಮುಖಮಾಡಿ ನಿಂತರೆ, ದಿಗಂತದಿಂದ ಹೆಚ್ಚು ಮೇಲೇರದೆ ಒಂದು ನಕ್ಷತ್ರ ಪ್ರಖರವಾಗಿ ಬೆಳಗುತ್ತಿರುತ್ತದೆ. ಅದು ಅಗಸ್ತ್ಯ. ಇರುಳಿನ ಆಕಾಶದ ನಕ್ಷತ್ರಗಳಲ್ಲಿ ಪ್ರಕಾಶದಲ್ಲಿ ಲುಬ್ಧಕವು ಮೊದಲನೆಯದಾದರೆ ಅಗಸ್ತ್ಯ ಎರಡನೆಯದು. ಅಗಸ್ತ್ಯನ ಉದಯವಾದ ಮೇಲೆ ನದಿ, ಕೆರೆಗಳ ನೀರು ನಿರ್ಮಲವಾಗುತ್ತದೆ ಎಂಬುದು ಪ್ರಾಚೀನರ ನಂಬಿಕೆ. ಮಠದ ಪಾಠಶಾಲೆಯಲ್ಲಿ ನಾವು ಓದುತ್ತಿದ್ದಾಗ ಗುರುಗಳು ನಸುಕಿನಲ್ಲಿ ಎಬ್ಬಿಸಿ, ಸ್ನಾನದ ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿ ಈ ನಕ್ಷತ್ರವನ್ನು ತೋರಿಸುತ್ತಿದ್ದರು. ಆಮೇಲೆ ಬಾವಿಯೊಳಗೆ ಇಣುಕಿ ನೋಡಲು ಹೇಳುತ್ತಿದ್ದರು. ಶ್ರಾವಣದಲ್ಲಿ ರಾಡಿಯಾಗಿದ್ದ ನೀರಿನಲ್ಲಿ ಈಗ ನಮ್ಮ ಮುಖ ಕಾಣುತ್ತಿತ್ತು. ಮೇಲಿನದನ್ನೂ ಕೆಳಗಿನದನ್ನೂ ಒಟ್ಟಿಗೆ ನೋಡುವ ಆ ಪಾಠವೇ ನನಗೆ ಇಂದಿಗೂ ಹಿತ್ತಲನ್ನು ನೋಡುವ ರೀತಿಯನ್ನು ಕಲಿಸಿದೆ.

ಬೆಳಕು ಹರಿದಾಗ ಮೊದಲು ಕಾಣುವುದು ಪಾರಿಜಾತದ ಬುಡ. ಇರುಳಿನಲ್ಲಿ ಅರಳಿ ನಸುಕಿನಲ್ಲಿ ಉದುರಿದ ಹೂಗಳು ನೆಲಕ್ಕೆ ಹಾಸಿದಂತಿರುತ್ತವೆ. ಅದರಾಚೆ ಬೇಲಿಯ ಬದಿಗೆ ಯಾರೂ ಬಿತ್ತದೆ ಬೆಳೆದ ತುಂಬೆ ಬೆಳ್ಳಗೆ ಹೂಬಿಟ್ಟಿರುತ್ತದೆ. ಬಿಸಿಲು ಏರಿದಂತೆ ಅಲ್ಲಿಗೆ ಜೇನುನೊಣಗಳು ಬರುತ್ತವೆ. ಕಣಗಿಲೆ ಮತ್ತು ದಾಸವಾಳದ ನಡುವೆ ಜೇಡವೊಂದು ಬಲೆಯನ್ನು ನೇಯ್ದು, ಅದರ ಮಧ್ಯದಲ್ಲಿ ದಪ್ಪನೆಯ ಬಿಳಿಯ ನೂಲಿನಿಂದ ಅಂಕುಡೊಂಕಾದ ಗೆರೆಗಳನ್ನು ಎಳೆದು, ತಾನು ತಲೆಕೆಳಗಾಗಿ ಕುಳಿತಿರುತ್ತದೆ. ರುಜು ಮಾಡಿದಂತೆ ಕಾಣುವ ಈ ಗೆರೆಗಳಿಂದಾಗಿ ಇದಕ್ಕೆ ಸಹಿ ಜೇಡವೆಂದು ಹೆಸರು. ಇಬ್ಬನಿ ಬಿದ್ದ ಮುಂಜಾನೆ ಆ ಬಲೆಯ ಒಂದೊಂದು ಎಳೆಯೂ ಮುತ್ತು ಪೋಣಿಸಿದಂತೆ ತೋರುತ್ತದೆ. ಹೂ ಕೊಯ್ಯಲು ಹೋದವರು ಒಂದು ಹೆಜ್ಜೆ ಸುತ್ತಿ ಹೋದರೆ ಆ ನೇಯ್ಗೆ ಉಳಿಯುತ್ತದೆ.

ಹಿತ್ತಲಿನ ಮೂಲೆಯಲ್ಲೊಂದು ಬಿಲ್ವದ ಗಿಡವಿದೆ. ನಿತ್ಯ ಪೂಜೆಗೆ ಪತ್ರೆಯನ್ನು ಅಲ್ಲಿಂದಲೇ ತರುವುದು. ಈ ಸಲ ಮೊಮ್ಮಗಳು ಬುಟ್ಟಿಯನ್ನು ಬರಿದಾಗಿಯೇ ಹಿಡಿದು ಬಂದು, “ಅಜ್ಜಾ, ಹುಳಾ ನಿಮ್ಮ ಪತ್ರಿ ತಿನ್ನಾಕತ್ತೈತಿ, ತಗದು ಒಗೀಲೇನು?” ಎಂದಳು. ಹೋಗಿ ನೋಡಿದೆ. ಎಳೆಯ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಎರಡು ಮರಿಹುಳುಗಳು. ಪಕ್ಕದ ರೆಂಬೆಯಲ್ಲಿ ಎಲೆಯದೇ ಬಣ್ಣದ ದೊಡ್ಡ ಹುಳು. ಕಡ್ಡಿಯಿಂದ ಮೆಲ್ಲನೆ ಮುಟ್ಟಿದರೆ ಅದು ತಲೆಯ ಹಿಂದಿನಿಂದ ಕವಲೊಡೆದ ಕೆಂಬಣ್ಣದ ಕೊಂಬೊಂದನ್ನು ಹೊರಚಾಚಿ ಘಾಟು ವಾಸನೆ ಬಿಟ್ಟಿತು. ಇದು ನಿಂಬೆ ಚಿಟ್ಟೆಯ ಮರಿ. ಬಿಲ್ವವೂ ಲಿಂಬೆಯೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬಕ್ಕೆ ಸೇರಿದವು. ಆದ್ದರಿಂದ ಎರಡರ ಎಲೆಯೂ ಇದಕ್ಕೆ ಆಹಾರ. ಕರಿಬೇವೂ ಅದೇ ಕುಟುಂಬದ್ದು. ಅದರ ಮೇಲೆ ಬೇರೆ ಜಾತಿಯ ಚಿಟ್ಟೆಗಳೂ ಮೊಟ್ಟೆಯಿಡುತ್ತವೆ. ಇಷ್ಟನ್ನು ಹೇಳಿ, “ಗಿಡದಾಗ ಎಲಿ ಸಾಕಷ್ಟು ಅದಾವು. ನಮ್ಮ ಪಾಲು ನಮಗ, ಅದರ ಪಾಲು ಅದಕ್ಕ” ಎಂದೆ. ಮಗು ಒಪ್ಪಿದಳು. ದಿನವೂ ಹೋಗಿ ನೋಡತೊಡಗಿದಳು. ಹುಳು ನೂಲಿನ ಒಂದು ಎಳೆಯನ್ನು ನಡುವಿಗೆ ಬಿಗಿದುಕೊಂಡು ಕೋಶವಾಯಿತು. ಕೆಲವು ದಿನಗಳ ಮೇಲೆ ಒಂದು ಮುಂಜಾನೆ ಕೋಶ ಬರಿದಾಗಿತ್ತು. ಕಪ್ಪು ರೆಕ್ಕೆಯ ಮೇಲೆ ತಿಳಿಹಳದಿ ಚುಕ್ಕೆಗಳ ಪಾತರಗಿತ್ತಿ ರೆಕ್ಕೆ ಆರಿಸಿಕೊಳ್ಳುತ್ತ ಕುಳಿತಿತ್ತು. ಅಂದು ಶಾಲೆಗೆ ಹೊರಡುವುದು ತಡವಾಯಿತು. ಮನೆಯಲ್ಲಿ ಯಾರೂ ಗದರಲಿಲ್ಲ.

ಹಕ್ಕಿಗಳ ವಿಷಯಕ್ಕೆ ಬಂದರೆ, ಶರದೃತುವು ಅತಿಥಿಗಳ ಕಾಲ. ಸೂರಕ್ಕಿ, ಪಿಕಳಾರ, ಮಡಿವಾಳ, ಸದಾ ಗುಂಪುಗೂಡಿ ಗದ್ದಲ ಮಾಡುವ ಹರಟೆಮಲ್ಲಗಳು ವರ್ಷವಿಡೀ ಇರುವ ಮನೆಯವರು. ಮಳೆ ಹಿಂದೆಗೆಯುತ್ತಿದ್ದಂತೆ ವಿದ್ಯುತ್ ತಂತಿಯ ಮೇಲೆ ಹಸಿರು ಕಳ್ಳಿಪೀರಗಳು ಸಾಲಾಗಿ ಕೂಡತೊಡಗುತ್ತವೆ. ಬಾವಿಯ ಕಟ್ಟೆಯ ಮೇಲೆ ಬಾಲವನ್ನು ಮೇಲಕ್ಕೂ ಕೆಳಕ್ಕೂ ಕುಣಿಸುತ್ತ ಓಡಾಡುವ ಬೂದು ಸಿಪಿಲೆ ದೂರದ ಅತಿಥಿ. ಹಿಮಾಲಯ ಮತ್ತು ಅದರಾಚೆಯ ನಾಡುಗಳಲ್ಲಿ ಮರಿಮಾಡಿ, ಚಳಿಗಾಲವನ್ನು ಕಳೆಯಲು ಅದು ದಕ್ಷಿಣಕ್ಕಿಳಿಯುತ್ತದೆ. ಸುಮಾರು ಇಪ್ಪತ್ತು ಗ್ರಾಂ ತೂಗುವ ಜೀವ! ಗುಲಾಬಿ ಕಬ್ಬಕ್ಕಿಗಳು ಇನ್ನೂ ದೂರದ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಹಿಂಡುಹಿಂಡಾಗಿ ಬಂದು ನಮ್ಮ ಜೋಳದ ಹೊಲಗಳ ಮೇಲೆ ಎರಗುತ್ತವೆ. ರೈತನಿಗೆ ಅವು ತೆನೆ ತಿನ್ನುವ ಕಾಟವೂ ಹೌದು, ಮಿಡತೆಗಳನ್ನು ತಿಂದು ಮಾಡುವ ಉಪಕಾರವೂ ಹೌದು.

ಇದಕ್ಕಿಂತಲೂ ಸೋಜಿಗದ ಯಾತ್ರಿಕನೊಂದಿದೆ. ಸಂಜೆಯ ಬಿಸಿಲಿನಲ್ಲಿ ಅಂಗಳದ ಮೇಲೆ ಗುಂಪಾಗಿ ಹಾರಾಡುವ, ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಕರೆಯುವ ಹೊಂಬಣ್ಣದ ಕೀಟ. ಮಾಲ್ದೀವ್ಸ್ ದ್ವೀಪಗಳಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆಂಡರ್ಸನ್ ಎಂಬವರು, ಮೊಟ್ಟೆಯಿಡಲು ಸಿಹಿನೀರಿನ ಹೊಂಡಗಳು ಅಷ್ಟಾಗಿ ಇಲ್ಲದ ಆ ದ್ವೀಪಗಳಿಗೆ ಪ್ರತಿವರ್ಷ ಅಕ್ಟೋಬರಿನಲ್ಲಿ ಈ ಕೀಟಗಳು ಅಪಾರ ಸಂಖ್ಯೆಯಲ್ಲಿ ಏಕೆ ಬರುತ್ತವೆಂದು ವಿಚಾರಮಾಡಿದರು. ಇವು ಭಾರತದಿಂದ ಹೊರಟು, ಗಾಳಿಯ ನೆರವಿನಿಂದ ಹಿಂದೂ ಮಹಾಸಾಗರವನ್ನು ದಾಟಿ ಪೂರ್ವ ಆಫ್ರಿಕೆಯವರೆಗೆ ಸಾಗುತ್ತವೆಂದು 2009ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಪ್ರತಿಪಾದಿಸಿದರು. ಒಣಗಲಿಟ್ಟ ಬಟ್ಟೆಯ ತಂತಿಯ ಮೇಲೆ ಅರೆಗಳಿಗೆ ಕುಳಿತ ಈ ಜೀವಕ್ಕೆ ಸಾಗರೋಲ್ಲಂಘನದ ಸಾಮರ್ಥ್ಯವಿರುವುದನ್ನು ನೆನೆದರೆ, ಯಾವುದನ್ನೂ ಅಲ್ಪವೆಂದು ಹೇಳಲು ನಾಲಗೆ ಏಳದು.

ಹಿತ್ತಲೆಂದರೆ ಸೊಗಸು ಮಾತ್ರವಲ್ಲ, ತೊಡಕುಗಳೂ ಉಂಟು. ಮಳೆಗಾಲದಲ್ಲಿ ದೊಡ್ಡ ಬಸವನಹುಳುಗಳು ಹೆಚ್ಚಿ, ಕಾಯಿಪಲ್ಯದ ಸಸಿಗಳನ್ನು ಒಂದೇ ಇರುಳಿನಲ್ಲಿ ಮುಗಿಸುತ್ತವೆ. ಇವು ಮೂಲತಃ ಆಫ್ರಿಕೆಯವು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟವು ಕ್ರಮೇಣ ದೇಶದ ಬಹುಭಾಗಗಳಿಗೆ ಹರಡಿದವು. ವಿಷ ಎರಚಬೇಕೆಂದು ನೆರೆಯವರು ಸಲಹೆಯಿತ್ತರು. ಆದರೆ ಬೇಲಿಯಲ್ಲಿರುವ ಕೆಂಬೂತವು ಬಸವನಹುಳುಗಳನ್ನೂ ಕುಕ್ಕಿ ತಿನ್ನುತ್ತದೆ. ವಿಷವುಂಡ ಹುಳುವನ್ನು ತಿಂದರೆ ಅದಕ್ಕೂ ಕೇಡು. ಆದುದರಿಂದ ಸಂಜೆ ದೀಪ ಹಿಡಿದು, ಕೈಗೆ ಚೀಲ ಕಟ್ಟಿಕೊಂಡು ಹುಳುಗಳನ್ನು ಆರಿಸಿ ಉಪ್ಪುನೀರಿಗೆ ಹಾಕುವ ಶ್ರಮವನ್ನೇ ನಮ್ಮ ಮನೆಯಲ್ಲಿ ಆಯ್ದುಕೊಂಡೆವು.

ಈ ವರ್ಷದ ಶ್ರಾವಣದಲ್ಲಿ ಇನ್ನೂ ಎರಡು ಸಂಗತಿಗಳು ನಡೆದವು. ಪಾಚಿಗಟ್ಟಿದ ನೆಲದ ಮೇಲೆ ಜಾರಿ ನಮ್ಮ ಮನೆಯವರ ಮೊಣಕೈಗೆ ಪೆಟ್ಟಾಯಿತು. ಅದಾದ ವಾರದೊಳಗೆ ಕಟ್ಟಿಗೆಯ ರಾಶಿಯ ಕೆಳಗೆ ಸೊಸೆಗೆ ಒಂದು ಹಾವು ಕಾಣಿಸಿತು. ಅದು ಕೇರೆ, ವಿಷವಿಲ್ಲದ್ದು, ಇಲಿಗಳನ್ನು ತಿಂದು ಬದುಕುವಂಥದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಪಡೆದದ್ದು. ಆದರೆ ಸಣ್ಣ ಮಗುವಿರುವ ತಾಯಿಗೆ ಹಾವೆಂದರೆ ಹಾವೇ. ಅವಳ ಭಯವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸಲ್ಲದು. ಮಗ ಬಂದು ವಿನಯದಿಂದಲೇ, “ಅಪ್ಪಾಜಿ, ದಸರಾ ಮುಗಿದ ಮ್ಯಾಲೆ ಹಿತ್ತಲ ತುಂಬ ಫರಸಿ ಹಾಕಿಸಿ ಸಿಮೆಂಟ್ ಮಾಡಿಬಿಡೋಣ್ರಿ. ಅವ್ವಗೂ ಅನುಕೂಲ, ಹುಳಾಹುಪ್ಪಡಿ ಕಾಟಾನೂ ತಪ್ಪತೈತಿ” ಎಂದ. ಅವನ ಮಾತಿನಲ್ಲಿ ತಾಯಿಯ ಮೇಲಿನ ಕಳಕಳಿಯಿತ್ತು. ನಮ್ಮ ಓಣಿಯ ಹೆಚ್ಚಿನ ಮನೆಗಳು ಈಗಾಗಲೇ ಹಾಗೆ ಮಾಡಿವೆ.

ನಾನು ವಾದಕ್ಕಿಳಿಯದೆ ಒಂದು ಲೆಕ್ಕವನ್ನು ಬರೆದು ತೋರಿಸಿದೆ. ನಮ್ಮ ಹಿತ್ತಲು 20 ಅಡಿ ಉದ್ದ, 15 ಅಡಿ ಅಗಲ. ಅಂದರೆ 300 ಚದರಡಿ, ಸುಮಾರು 28 ಚದರ ಮೀಟರ್. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯೆಂದು ಹಿಡಿದರೆ ಇಷ್ಟೇ ನೆಲದ ಮೇಲೆ ಬೀಳುವ ನೀರು 22 ಸಾವಿರ ಲೀಟರಿಗೂ ಹೆಚ್ಚು. ಎರೆಹುಳುಗಳು ಕೊರೆದ ಸಡಿಲ ಮಣ್ಣು ಇದರಲ್ಲಿ ಬಹುಪಾಲನ್ನು ಹೀರಿಕೊಳ್ಳುತ್ತದೆ. ಸಿಮೆಂಟ್ ಬಳಿದರೆ ಅಷ್ಟೂ ಗಟಾರಿಗೆ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿದ ವರ್ಷವನ್ನು ನಾವ್ಯಾರೂ ಮರೆತಿಲ್ಲ. ಅದರ ಮುಂದಿನ ಬೇಸಿಗೆಯಲ್ಲಿ ನಮ್ಮ ಬಾವಿಯ ತಳದಲ್ಲಿ ಕೊಡ ಮುಳುಗುವಷ್ಟಾದರೂ ನೀರಿತ್ತು.

ಮಗ ಲೆಕ್ಕವನ್ನು ನೋಡಿ ಸುಮ್ಮನಾದ. ತೀರ್ಮಾನವನ್ನು ಹೇಳಿದವರು ಮಾತ್ರ ಅವನ ತಾಯಿ. “ಜಾರಿ ಬಿದ್ದಾಕಿ ನಾನು. ನಾ ಹೇಳತೀನಿ ಕೇಳಪ್ಪಾ. ಬಾವಿತನಕಾ ಕಾಲಿಡೂ ಹಾದಿಗಷ್ಟ ಕಲ್ಲು ಹಾಸು. ಉಳಿದ ನೆಲದ ಉಸಿರು ಕಟ್ಟಬ್ಯಾಡ” ಎಂದರು. ಹಾಗೆಯೇ ಆಯಿತು. ಎರಡೂವರೆ ಅಡಿ ಅಗಲದ ಕಲ್ಲಿನ ಹಾದಿ, ಸಂದುಗಳಿಗೆ ಸಿಮೆಂಟಿನ ಬದಲು ಮರಳು, ಹಿಡಿದು ನಡೆಯಲು ಒಂದು ಕಟಕಟೆ. ಕಟ್ಟಿಗೆಯ ರಾಶಿಯನ್ನು ಮನೆಯಿಂದ ದೂರದ ಗೋಡೆಯ ಬದಿಗೆ ಸರಿಸಿದೆವು. ಹಾವಿಗೆ ಅದರ ಜಾಗ, ಮಗುವಿಗೆ ಮಗುವಿನ ಜಾಗ. ಸೊಸೆ ಸಂಜೆ ಕೈದೀಪವಿಲ್ಲದೆ ಹಿತ್ತಲಿಗಿಳಿಯುವುದಿಲ್ಲ, ಅದು ಯೋಗ್ಯವೇ.

ಶೀಗಿ ಹುಣ್ಣಿಮೆಯ ದಿನ ನಮ್ಮ ಸೀಮೆಯ ಒಕ್ಕಲಿಗರು ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ನಿಂತ ಬೆಳೆಯನ್ನು ಪೂಜಿಸಿ ಚರಗ ಚೆಲ್ಲುತ್ತಾರೆ. ತಾವು ಉಣ್ಣುವ ಮೊದಲು ಹೋಳಿಗೆ, ಕಡುಬು, ಅನ್ನಗಳ ಒಂದು ಪಾಲನ್ನು ಹೊಲದ ನಾಲ್ಕೂ ದಿಕ್ಕಿಗೆ ಎರಚುತ್ತಾರೆ. ಅದು ಭೂಮಿಗೆಂದು ಚೆಲ್ಲಿದ್ದಾದರೂ ಉಣ್ಣುವುದು ಇರುವೆ, ಕಾಗೆ, ಗುಬ್ಬಿ, ಅಳಿಲುಗಳೇ. ಪೇಟೆಗೆ ಬಂದು ನೆಲೆಸಿದ ನಮ್ಮಲ್ಲಿ ಅನೇಕರಿಗೆ ಈಗ ಹೊಲವಿಲ್ಲ. ಆದರೆ ಚರಗದ ಹಿಂದಿರುವ ತಿಳಿವಳಿಕೆಗೆ ಹೊಲವೇ ಬೇಕೆಂದಿಲ್ಲ. ಹುಳುವಿಗೆ ಬಿಟ್ಟ ನಾಲ್ಕು ಬಿಲ್ವದೆಲೆ, ಹಕ್ಕಿಗಿಟ್ಟ ಒಂದು ಬಟ್ಟಲು ನೀರು, ಸಿಮೆಂಟ್ ಬಳಿಯದೆ ಉಳಿಸಿದ ಹತ್ತು ಅಡಿ ನೆಲ, ಇವೂ ಚರಗವೇ. ಹಿತ್ತಲಿಲ್ಲದ ಮನೆಯವರು ಮಾಳಿಗೆಯ ಮೇಲೆ ಒಂದು ಕುಂಡದಲ್ಲಿ ಲಿಂಬೆಯನ್ನೋ ಕರಿಬೇವನ್ನೋ ನೆಡಬಹುದು. ಪಾತರಗಿತ್ತಿಗೆ ಅಂತಸ್ತುಗಳ ಲೆಕ್ಕವಿಲ್ಲ.

ಹಸ್ತ ಮಳೆ ಮುಗಿದು ಚಿತ್ತೆ ನಡೆದಿರುವ ಈ ದಿನಗಳು ಹೆಚ್ಚು ಕಾಲ ಇರುವುದಿಲ್ಲ. ದೀಪಾವಳಿಯ ಹೊತ್ತಿಗೆ ಗಾಳಿ ಒಣಗಿ, ತುಂಬೆ ಬಾಡತೊಡಗುತ್ತದೆ. ಆದುದರಿಂದ ವಾಚಕರಲ್ಲಿ ನನ್ನದೊಂದು ಅರಿಕೆ. ಮನೆಯ ಮಕ್ಕಳನ್ನು ಕರೆದುಕೊಂಡು ಪ್ರತಿದಿನ ಕಾಲುಗಂಟೆಯಾದರೂ ಹಿಂಬಾಗಿಲಿನಲ್ಲಿ ಕುಳಿತುಕೊಳ್ಳಿರಿ. ಅವರು ಕೇಳುವ ಹೆಸರುಗಳು ನಿಮಗೆ ತಿಳಿದಿರದಿದ್ದರೆ ಓಣಿಯ ಹಿರಿಯರನ್ನು ಕೇಳಿರಿ. ಕೆಂಬೂತ, ಸೂರಕ್ಕಿ, ಕಳ್ಳಿಪೀರ ಎಂಬ ಚೆಲುವಾದ ಹೆಸರುಗಳು ಅವರ ನಾಲಗೆಯ ಮೇಲೆ ಇನ್ನೂ ಉಳಿದಿವೆ. ಅವರಿರುವಾಗಲೇ ಅವುಗಳನ್ನು ಮಕ್ಕಳ ಕಿವಿಗೆ ದಾಟಿಸಬೇಕು.